ದುರ್ಗದಜ್ಜಿ ಅಳಿಯನನ್ನು ಪುಟಪ್ ಮಾಡಿದ್ದು

ಮದುವೆಯಾಗಿ ಮಧುಗಿರಿಗೆ ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ, ಅತ್ತೆಯವರು ಅಡಿಗೆಮನೆಯಿಂದ ಕೂಗಿ ಹೇಳಿದರು. “ಎಲೆ ಪುಟಪ್ ಮಾಡಮ್ಮ, ನಿಮ್ಮ ಮಾವನವರ ಪೂಜೆ ಮುಗೀತು.”

ನನಗೆ ದಿಗ್ಭ್ರಮೆಯಾಯಿತು. ಅತ್ತೆಯವರಿಗೆ ಕನ್ನಡದಲ್ಲಿ ರುಜು ಹಾಕುವುದೂ ಬರುತ್ತಿರಲಿಲ್ಲ, ಅವರ ಬಾಯಲ್ಲಿ ಇಂಗ್ಲಿಷು. ನಾನಾದರೋ ತುಮಕೂರಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಲೋವರ್ ಸೆಕೆಂಡರಿ ಪಾಸು ಮಾಡಿದವಳು ಎಂಬ ಜಂಬ ಹೊತ್ತು ಬಂದಿದ್ದೆ. ಅರ್ಥವಾಗಲಿಲ್ಲ ಎಂದು ಕೇಳಿದರೆ ಮರ್ಯಾದೆ ಹೋಗುತ್ತದೆ. ಪುಟ್ ಎಂದರೆ ಇಡು, ಅಪ್ ಎಂದರೆ ಮೇಲೆ ಎಂದು ಮನಸ್ಸಿನಲ್ಲೇ ಬಿಡಿಸಿಕೊಂಡು, ಮುತ್ತುಗದೆಲೆಯ ಕಟ್ಟನ್ನು ಎತ್ತಿ ಅಟ್ಟದ ಮೇಲಿಟ್ಟೆ. ಇಲಿ ಕಡಿಯದಿರಲಿ ಎಂದು ಅದರ ಮೇಲೊಂದು ಕುಕ್ಕೆಯನ್ನೂ ಕವುಚಿದೆ.

ಮಾವನವರು ಹಣೆತುಂಬ ವಿಭೂತಿ ಧರಿಸಿ ಬಂದು ಮಣೆಯ ಮೇಲೆ ಕೂತರು. ಅವರ ಮುಂದೆ ಬರೀ ನೆಲ.

“ಎಲೆ ಎಲ್ಲಮ್ಮ?”

“ಪುಟಪ್ ಮಾಡಿದೀನಿ ಮಾವಯ್ಯ,” ಎಂದು ನಾನು ಅಟ್ಟ ತೋರಿಸಿದೆ.

ನಮ್ಮ ಯಜಮಾನರು ಅಟ್ಟ ಹತ್ತಿ, ಧೂಳಿಗೆ ಸೀನುತ್ತಾ ಎಲೆ ಇಳಿಸಿದರು. ಆ ಮನೆಯ ಭಾಷೆ ಏನೆಂದು ನನಗೆ ಅಂದು ತಿಳಿಯಿತು. ಮಾವನವರು ಸಬ್‌ಡಿವಿಜನ್ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು ಪಿಂಚಣಿ ಪಡೆದವರು. ಈಗ ಅದೇ ಕಚೇರಿಯಲ್ಲಿ ಮಗ ಗುಮಾಸ್ತ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಇಷ್ಟು ಕಡೆಯ ಅರ್ಜಿಗಳೂ ಆ ಕಚೇರಿಗೆ ಬಂದು ಬೀಳುತ್ತಿದ್ದವು. ಕಾಗದವನ್ನು ಸಾಹೇಬರ ಮೇಜಿನ ಮೇಲೆ ಅವರ ಕಣ್ಣಿಗೆ ಬೀಳುವ ಹಾಗೆ ಇಡುವುದಕ್ಕೆ ಅಲ್ಲಿ ಪುಟಪ್ ಮಾಡುವುದು ಎನ್ನುತ್ತಿದ್ದರು. ಮಾವನವರು ಪಿಂಚಣಿಯ ಜೊತೆಗೆ ಆ ಮಾತನ್ನೂ ಮನೆಗೆ ತಂದಿದ್ದರು. ಸ್ನಾನಕ್ಕೆ ನೀರು ಪುಟಪ್ ಆಗಬೇಕು, ಕಾಫಿ ಪುಟಪ್ ಆಗಬೇಕು, ಎಲೆ ಅಡಿಕೆ ಪುಟಪ್ ಆಗಬೇಕು. ಅತ್ತೆಯವರು ಕೇಳಿ ಕೇಳಿ ಕಲಿತಿದ್ದರು. ಕೋಪ ಬಂದ ದಿನ ಸಾರಿಗೆ ಉಪ್ಪು ಪುಟಪ್ ಆಗುತ್ತಿರಲಿಲ್ಲ.

ನಮ್ಮ ಮನೆಗೆ ವರ್ಷವರ್ಷವೂ ಹುಣಿಸೆಹಣ್ಣು ತಂದು ಹಾಕುತ್ತಿದ್ದ ಒಬ್ಬ ಅಜ್ಜಿಯಿದ್ದಳು. ಚನ್ನರಾಯನದುರ್ಗದ ಕಡೆಯವಳಾದ್ದರಿಂದ ನಾವು ದುರ್ಗದಜ್ಜಿ ಎನ್ನುತ್ತಿದ್ದೆವು. ಗಂಡ ಇಲ್ಲ, ಒಬ್ಬಳೇ ಮಗಳು, ಒಂದಿಷ್ಟು ಹೊಲ, ಬಾವಿ, ಒಂದು ಎಮ್ಮೆ. ಮಗಳನ್ನು ಪಾವಗಡದ ಆಚೆಯ ಊರಿಗೆ ಕೊಟ್ಟಿದ್ದಳು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮುಂಚಿನ ಮಾತು ಇದು. ಆ ಸಲ ಅಜ್ಜಿ ಗಾಡಿಯಲ್ಲಿ ಬಂದಳು. ಗಾಡಿ ಹೊಡೆಯುತ್ತಿದ್ದವನು ಅಳಿಯ. ಬಂದವಳೇ ಜಗಲಿಯ ಮೇಲೆ ಕೂತು, ಅಳಿಯ ಎತ್ತಿಗೆ ಹುಲ್ಲು ಹಾಕುತ್ತಿರುವಾಗಲೇ, ಅವನಿಗೆ ಕೇಳುವಷ್ಟು ಜೋರಾಗಿ ಅತ್ತೆಯವರಿಗೆ ಹೇಳಿದಳು.

“ಸಂಕ್ರಾಂತಿಗೆ ಬಾರಪ್ಪಾ ಅಂತ ಕರುದ್ರೆ ಮಗ್ಳುನ್ನೂ ಕರ್ಕೊಂಡು ಬಂದ ಕಣಮ್ಮ. ಕಿಚ್ಚು ಹಾಯ್ಸಿದ್ದಾಯ್ತು, ಎಳ್ಳು ಬೀರಿದ್ದಾಯ್ತು, ಹಬ್ಬ ಹೋಯ್ತು, ಇವ್ನು ಹೋಗ್ಲಿಲ್ಲ. ಮತ್ತೊಂದು ಸಂಕ್ರಾಂತಿ ಬಂತು, ಅದೂ ಹೋಯ್ತು. ಇವ್ನು ಅಂಗೇ ಅವ್ನೆ.”

“ಮಗಳ ಗಂಡ ತಾನೇ, ಇದ್ದರೆ ಇರಲಿ ಬಿಡು,” ಎಂದರು ಅತ್ತೆಯವರು.

“ಇರ್ಲಿ, ಬ್ಯಾಡ ಅಂದ್ನಾ? ಹೊಂಗೇಮರದಡಿ ಮಂಚ ಹಾಕ್ಕೊಂಡು ಬಿದ್ದಿದ್ರೂ ಬುಡು ಅಂತಿದ್ದೆ. ಬೆಳಗಾನ ನಾನು ಎಮ್ಮೆ ಕೆಚ್ಚಲಿಗೆ ಕೈ ಇಕ್ಕೋ ಹೊತ್ಗೆ ಸರ್ಯಾಗಿ ತೆಲುಗು ಪದ್ಯ ಎತ್ಕೋತಾನೆ. ಆ ಗಂಟ್ಲು ಕಿವೀಗ್ ಬಿದ್ದೇಟ್ಗೆ ಎಮ್ಮೆ ಸೊರೆ ಬುಡಲ್ಲ.”

ಅಳಿಯ ಹುಲ್ಲಿನ ಕಂತೆ ಹಿಡಿದುಕೊಂಡೇ ನಕ್ಕ. ಸಣಕಲು ಆಳು, ಗುಂಗುರು ಕೂದಲು, ಎಲ್ಲರ ಮೇಲೂ ಪ್ರೀತಿ ಇರುವಂಥ ಮುಖ. ಪಾವಗಡದಲ್ಲಿ ಲೋವರ್ ಸೆಕೆಂಡರಿಯವರೆಗೆ ಓದಿ ಪರೀಕ್ಷೆಯಲ್ಲಿ ಫೇಲಾಗಿದ್ದನಂತೆ. ತೆಲುಗು ಸೀಮೆಯ ಗಡಿಯವನಾದ್ದರಿಂದ ಮಾತಿನ ನಡುವೆ ತೆಲುಗು ಬೆರೆಸುತ್ತಿದ್ದ.

ವಿಷಯ ಇಷ್ಟು. ಅಳಿಯನನ್ನು ಮನೆಯಿಂದ ಹೊರಡಿಸಿಕೊಡಬೇಕು ಎಂದು ಅಜ್ಜಿ ಹೋಬಳಿಯ ಶೇಕದಾರರಿಗೆ ಒಂದು ಅರ್ಜಿ ಕೊಟ್ಟಿದ್ದಳು. ಏನೂ ಆಗಲಿಲ್ಲ. ಕೊರಟಗೆರೆಗೆ ಹೋಗಿ ಇನ್ನೊಂದು ಕೊಟ್ಟಳು. ಅಲ್ಲಿಯೂ ಯಾರೋ ನಕ್ಕು ಅದನ್ನು ಮಧುಗಿರಿಗೆ ಸಾಗಹಾಕಿದ್ದರು. ಈಗ ಮೂರನೆಯದನ್ನು ಶ್ಯಾನುಭೋಗರಿಂದ ಬರೆಸಿಕೊಂಡು, ಖುದ್ದು ದೊರೆಗಳ ಕೈಗೇ ಕೊಡುತ್ತೇನೆಂದು ಬಂದಿದ್ದಳು. ಅರ್ಜಿ ಅಳಿಯನ ಮೇಲೆ, ಗಾಡಿ ಹೊಡೆಯುವವನೂ ಅಳಿಯನೇ. ಇದೇನಜ್ಜಿ ಎಂದು ನಾನು ಕೇಳಿದ್ದಕ್ಕೆ, “ಇನ್ಯಾರವ್ರೆ ನನ್ಗೆ ಗಾಡಿ ಹೊಡ್ಯೋರು,” ಎಂದು ನನ್ನನ್ನೇ ಕೇಳಿದಳು.

ಮಾವನವರು ದಿನಾ ಬೆಳಿಗ್ಗೆ ರುಮಾಲು ಸುತ್ತಿಕೊಂಡು ಕಚೇರಿಯ ಜಗಲಿಗೆ ಹೋಗಿ ಕೂರುವ ಅಭ್ಯಾಸ ಬಿಟ್ಟಿರಲಿಲ್ಲ. ಅವರೇ ಇಬ್ಬರನ್ನೂ ಕರೆದುಕೊಂಡು ಹೋದರು. ಮಧ್ಯಾಹ್ನ ಮೂವರೂ ವಾಪಸು ಬಂದರು. ಬೀದಿಯ ತುದಿಯಿಂದಲೇ ಮಾವನವರ ಗಂಟಲು ಕೇಳುತ್ತಿತ್ತು.

ನಡೆದದ್ದು ಹೀಗೆ. ಸಾಹೇಬರು ಪಾವಗಡದ ಕಡೆ ಸರ್ಕೀಟಿಗೆ ಹೊರಟು ಮೆಟ್ಟಿಲಿಳಿಯುತ್ತಿದ್ದರು. ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯವರು, ಆದರೆ ಅವಸರದಲ್ಲಿದ್ದರು. ಅಜ್ಜಿ ಅಡ್ಡ ಬಿದ್ದು ಅರ್ಜಿ ಕೊಟ್ಟಳು. ಅವರು ಅದರ ಮೇಲೆ ಕಣ್ಣಾಡಿಸಿ, ಹಿಂದೆಯೂ ಅರ್ಜಿ ಬಂದಿವೆ ಎಂಬುದನ್ನು ನೋಡಿ, ಪಕ್ಕದಲ್ಲಿದ್ದ ನಮ್ಮ ಯಜಮಾನರ ಕೈಗೆ ಕೊಟ್ಟು, “ಪುಟಪ್ ವಿತ್ ದಿ ಓಲ್ಡ್ ಪೇಪರ್ಸ್” ಎಂದು ಮೋಟಾರು ಹತ್ತಿದರು. ಹಳೆಯ ಕಾಗದಗಳ ಜೊತೆ ಸೇರಿಸಿ ನನ್ನ ಮುಂದಿಡಿ ಎಂದರ್ಥ. ಕಚೇರಿಯಲ್ಲಿ ದಿನಕ್ಕೆ ಹತ್ತು ಸಲ ಆಡುವ ಮಾತು. ಯಜಮಾನರು ಹಳೆಯ ಕಾಗದ ಹುಡುಕಲು ಒಳಗೆ ಹೋದರು.

ಅಜ್ಜಿ ಎದ್ದು ನಿಂತು ಸೆರಗು ಕೊಡವಿಕೊಂಡು, “ಏನಂದ್ರು?” ಎಂದಳು.

ಮಾವನವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಳಿಯ ಹೇಳಿಬಿಟ್ಟ. “ಸಹಿಸ್ಕೊಂಡಿರು ಅಂತ ಹುಕುಂ ಆಯ್ತು, ಅತ್ತಾ.”

“ಯಾರ್ನ?”

“ನನ್ನನ್ನೇ ಕದಾ.”

ಅದೇ ಜಗಳ ಈಗ ನಮ್ಮ ಜಗಲಿಗೆ ಬಂದಿತ್ತು. ನಾನು ಅವರಿಗೆ ನೀರು ಮಜ್ಜಿಗೆ ಕೊಟ್ಟು ಬಾಗಿಲ ಹಿಂದೆ ನಿಂತೆ.

“ಪುಟಪ್ ಅಂದರೆ ಮಂಡಿಸೋದು ಕಣಯ್ಯ,” ಎನ್ನುತ್ತಿದ್ದರು ಮಾವನವರು. “ಮೂವತ್ತು ವರ್ಷ ಪುಟಪ್ ಮಾಡಿದೀನಿ ನಾನು. ಹಳೇ ಕಾಗದ ಜೊತೇಲಿಟ್ಟು ತಗೊಂಬಾ ಅಂದಿದಾರೆ ಅಷ್ಟೆ.”

“ತಾವು ದೊಡ್ಡೋರು ಸ್ವಾಮಿ,” ಎಂದ ಅಳಿಯ, ಬಹಳ ವಿನಯದಿಂದ. “ಆದ್ರೆ ಅವರು ಬರೀ ಪುಟಪ್ ಅನ್ಲಿಲ್ಲ. ಪುಟಪ್ ವಿತ್ ಅಂದ್ರು. ವಿತ್ ಸೇರಿದ್ರೆ ಸಹಿಸ್ಕೊಳ್ಳೋದು ಅಂತಾಗುತ್ತೆ. ನಮ್ಮ ಮೇಷ್ಟ್ರು ಇದಕ್ಕೇ ನನ್ನ ಕೈಮೇಲೆ ಹೊಡೆದವ್ರೆ. ಏಟು ತಿಂದಿದ್ದು ಮರೆಯಲ್ಲ.”

“ಹಳೇ ಕಾಗದಾನ ಸಹಿಸಿಕೊಳ್ಳೋದು ಅಂದರೆ ಏನರ್ಥವಯ್ಯಾ?”

“ಕಾಗದದ ಸಮೇತ ಸಹಿಸ್ಕೊಂಡಿರಬೇಕು ಅಂತ.”

ಅಜ್ಜಿ ನಡುವೆ ಬಾಯಿ ಹಾಕಿದಳು. “ಕಾಗ್ದಾನ ನಾನೇನು ಸಯಿಸ್ಕೊಳ್ಳೋದು, ಅವು ಸುಮ್ಕಿರ್ತವೆ. ಪದ್ಯ ಹೇಳ್ತವಾ?”

ಮಾವನವರು ಸೋಲುವವರಲ್ಲ. ಬಾಗಿಲ ಕಡೆ ತಿರುಗಿ, “ಬಾರಮ್ಮ ಇಲ್ಲಿ. ನೀನೂ ಇಂಗ್ಲಿಷು ಓದಿದವಳು. ಹೇಳು, ಯಾವುದು ಸರಿ?” ಎಂದರು.

ತುಮಕೂರಿನ ಸ್ಕೂಲಿನಲ್ಲಿ ನಮ್ಮ ಮೇಡಮ್ಮು ಇಂಥ ಜೋಡಿ ಮಾತುಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು. ಕಣ್ಣು ಮುಚ್ಚಿದರೆ ಸಾಲಾಗಿ ಬರುತ್ತಿದ್ದವು. ನಾನು ಬಾಗಿಲ ತೋಳು ಹಿಡಿದುಕೊಂಡು, ತಲೆ ತಗ್ಗಿಸಿ, ಒಪ್ಪಿಸಿದೆ. ಪುಟಪ್ ಎಂದರೆ ಮಂಡಿಸುವುದೂ ಹೌದು. ಡೇರೆ ಎತ್ತಿ ನಿಲ್ಲಿಸುವುದೂ ಪುಟಪ್ಪೇ. ಪರವೂರಿಗೆ ಹೋಗಿ ಒಬ್ಬರ ಮನೆಯಲ್ಲಿ ಇಳಿದುಕೊಳ್ಳುವುದೂ ಪುಟಪ್ಪೇ. ಹಿಂದೆ ವಿತ್ ಬಂದರೆ ಸಹಿಸಿಕೊಳ್ಳುವುದು.

“ಇಳ್ಕೊಳ್ಳೋದೂ ಅದೇಯಾ?” ಎಂದಳು ಅಜ್ಜಿ. “ಅಂಗಾರೆ ಇವ್ನು ನಮ್ಮನೇಲಿ ಮಾಡ್ತಿರೋದು ಅದೇ, ನಾನು ಮಾಡ್ತಿರೋದೂ ಅದೇ?”

“ಹೌದಜ್ಜಿ. ನಿನ್ನದರಲ್ಲಿ ವಿತ್ ಇದೆ, ಅಷ್ಟೇ.”

ಅಡಿಗೆಮನೆಯಿಂದ ಅತ್ತೆಯವರ ಧ್ವನಿ ಬಂತು. ಅವರು ರಾಗಿಹಿಟ್ಟು ತೊಳಸುತ್ತಿದ್ದರು, ನಾವು ಅವರನ್ನು ಮರೆತಿದ್ದೆವು. “ಸಹಿಸಿಕೊಳ್ಳೋದು ಅನ್ನೋ ಅರ್ಥವಿದ್ದರೆ, ಮೂವತ್ತು ವರ್ಷ ಪುಟಪ್ ಮಾಡಿದೋಳು ನಾನು. ನಿಮ್ಮ ಮಾವನವರಲ್ಲ.”

ಮಾವನವರು ರುಮಾಲು ತೆಗೆದು ತಲೆ ಕೆರೆದುಕೊಂಡರು. ಆ ಹೊತ್ತಿನಲ್ಲಿ ನನಗೆ ಬಂದ ನಗುವನ್ನು ಸೆರಗಿನೊಳಗೆ ತುಂಬಿಕೊಂಡು ಹಿತ್ತಿಲಿಗೆ ಓಡಿಹೋದೆ. ತಿರುಗಿ ಬಂದಾಗ ಅಜ್ಜಿ ಯೋಚನೆಯಲ್ಲಿದ್ದಳು. ಹುಕುಂ ಅಂದರೆ ಅವಳಿಗೆ ಹುಡುಗಾಟವಲ್ಲ. ದೊರೆ ಬಾಯಿಂದ ಬಂದದ್ದು, ಮೀರುವ ಹಾಗಿಲ್ಲ. ಆದರೆ ಅದನ್ನು ಅವಳು ಹುಣಿಸೆಹಣ್ಣು ನೋಡುವ ಹಾಗೆ ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು.

“ವಿತ್ತು ಅಂದ್ರೇನವ್ವ?” ಎಂದು ನನ್ನನ್ನು ಕೇಳಿದಳು.

“ಜೊತೆ ಅಂತ.”

“ಜೊತೇಲಿ ಸಯಿಸ್ಕೊಳ್ಳೋದು ಅಂದ್ರೆ ಇಬ್ರೂವೆ ಅಂತಾಯ್ತಲ್ಲ. ನಾನು ಒಬ್ಳೇ ಅಂತ ದೊರೆ ಏಳ್ಲಿಲ್ವಲ್ಲ.”

ಅಳಿಯನ ನಗು ಸ್ವಲ್ಪ ಇಳಿಯಿತು. ಮಾವನವರಿಗೆ ಜೀವ ಬಂತು. “ಅಜ್ಜಿ ಹೇಳೋದು ನ್ಯಾಯವಾಗಿದೆ. ಹುಕುಂ ಅಂದಮೇಲೆ ಉಭಯತ್ರರಿಗೂ ಲಾಗೂ ಆಗುತ್ತೆ,” ಎಂದರು. ಅದು ಮಂಡಿಸುವ ಪುಟಪ್ ಎಂಬುದನ್ನು ಆ ಕ್ಷಣಕ್ಕೆ ಅವರೇ ಬಿಟ್ಟುಕೊಟ್ಟಿದ್ದರು. ಅಳಿಯನನ್ನು ಮಣಿಸುವುದು ಅವರಿಗೆ ವ್ಯಾಕರಣಕ್ಕಿಂತ ಮುಖ್ಯವಾಗಿ ಕಂಡಿತು.

ಹಿಟ್ಟು ತಿನ್ನುತ್ತಾ ಜಗಲಿಯ ಮೇಲೆಯೇ ಕರಾರು ಆಯಿತು. ಬೆಳಿಗ್ಗೆ ಎಮ್ಮೆ ಕರೆದು ಮುಗಿಯುವವರೆಗೆ ಪದ್ಯವಿಲ್ಲ. ಹೊಲಕ್ಕೆ ನೀರೆತ್ತುವ ಬಾವಿಯ ಕಪಿಲೆ ಹೊಡೆಯುವುದು ಅಳಿಯನ ಪಾಲು, ಎತ್ತುಗಳ ಮುಂದೆ ಎಷ್ಟು ಬೇಕಾದರೂ ಹಾಡಿಕೊಳ್ಳಲಿ. ಅವನು ಉಣ್ಣುವ ಹೊತ್ತಿನಲ್ಲಿ ಅಜ್ಜಿ ಅವನನ್ನು ಬೈಯಕೂಡದು, ತಟ್ಟೆ ಕುಕ್ಕಕೂಡದು. ಇಬ್ಬರೂ ಅದೇ ಗಾಡಿಯಲ್ಲಿ ಹೊರಟರು. ಬೀದಿ ತಿರುಗುವಾಗ ಅಜ್ಜಿ ಏನೋ ಬೈಯುತ್ತಿದ್ದಳು. ಉಣ್ಣುವ ಹೊತ್ತಲ್ಲವಾದ್ದರಿಂದ ಅದಕ್ಕೆ ಅಡ್ಡಿಯಿರಲಿಲ್ಲ.

ಸಂಜೆ ಯಜಮಾನರು ಬಂದಾಗ ನಾನು ಎಲ್ಲವನ್ನೂ ಹೇಳಿದೆ. ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. “ಸಾಹೇಬರು ಅಂಥ ಹುಕುಮೇ ಕೊಟ್ಟಿಲ್ಲ.”

“ಮಾವಯ್ಯನೂ ಒಪ್ಪಿಕೊಂಡರು,” ಎಂದೆ.

“ಅಪ್ಪ ಒಪ್ಪಿಕೊಂಡರೆ ಕಚೇರಿ ಒಪ್ಪಿಕೊಂಡ ಹಾಗೇನೇ?” ಎಂದರು. ಮಾವನವರ ಮುಂದೆ ಮಾತ್ರ ಉಸಿರೆತ್ತಲಿಲ್ಲ.

ಸ್ವಲ್ಪ ದಿನಕ್ಕೆ ಅಜ್ಜಿ ಸಂತೆಗೆ ಬಂದವಳು ನಮ್ಮ ಮನೆಗೂ ಬಂದಳು. ಎಮ್ಮೆ ಹಾಲು ಕೊಡುತ್ತಿದೆಯಂತೆ. ಕಪಿಲೆಯೂ ನಡೆಯುತ್ತಿದೆಯಂತೆ. ಆದರೂ ಅವಳ ಮುಖ ಬಾಡಿತ್ತು. ಮಾವನವರನ್ನು ಒಂದು ಪಕ್ಕಕ್ಕೆ ಕರೆದು ಕೇಳಿದಳು.

“ಬುದ್ಧಿ, ಅವ್ನು ಉಣ್ತಾ ಕುಂತಿರೋವಾಗ ನಾನು ಎಮ್ಮೇನ ಬೈದ್ರೆ ಹುಕುಂ ಮೀರ್ದಂಗಾಯ್ತದಾ?”

“ಎಮ್ಮೇನ ಯಾಕೆ ಬೈತೀಯ? ಹಾಲು ಕೊಡ್ತಿದೆ ಅಂದೆ.”

“ಬೈಗುಳ ಅವುಂಗೇಯಾ ಬುದ್ಧಿ. ಏಳೋದು ಎಮ್ಮೆಗೆ. ‘ತಿಂದೂ ತಿಂದೂ ಕೊಬ್ಬಿದ್ದೀಯಲ್ಲೇ, ಒಂದ್ ಕೆಲ್ಸಕ್ಕೂ ಬಾರ್ದೋಳೆ’ ಅಂತೀನಿ. ಅವ್ನು ತಲೆ ಬಗ್ಗುಸ್ಕೊಂಡು ಉಣ್ತಾನೆ.”

ಮಾವನವರು ಕಣ್ಣು ಮುಚ್ಚಿ ಬಹಳ ಹೊತ್ತು ವಿಚಾರ ಮಾಡಿ, ಎಮ್ಮೆ ಈ ಹುಕುಮಿನಲ್ಲಿ ಪಕ್ಷಗಾರಳಲ್ಲ, ಆದ್ದರಿಂದ ಬೈಯಬಹುದು ಎಂದು ತೀರ್ಪು ಕೊಟ್ಟರು. ಅಜ್ಜಿ ಹಗುರಾಗಿ ಎದ್ದುಹೋದಳು. ಆ ವಾರ ಅತ್ತೆಯವರು ನಮ್ಮ ಬೆಕ್ಕಿಗೆ ಬೈದ ಬೈಗುಳದಲ್ಲಿ ಕೆಲವು ಮಾವನವರಿಗೆ ಸೇರಿದವು ಎಂದು ನನಗೆ ಅನುಮಾನ. ಬೆಕ್ಕು ದಿನಾ ಹೋಗಿ ಕಚೇರಿಯ ಜಗಲಿಯಲ್ಲಿ ಕೂರುತ್ತಿರಲಿಲ್ಲ.

ಈ ನಡುವೆ ನಿಜವಾದ ಪುಟಪ್ಪೂ ಆಯಿತು. ಯಜಮಾನರು ಮೂರು ಅರ್ಜಿಗಳನ್ನೂ ಸೇರಿಸಿ ಸಾಹೇಬರ ಮುಂದಿಟ್ಟರು. ಸಾಹೇಬರು ವಿಚಾರಣೆಗೆ ದಿನ ಗೊತ್ತುಮಾಡಿ ಅಜ್ಜಿಗೂ ಅಳಿಯನಿಗೂ ಹೇಳಿ ಕಳಿಸಿದರು. ಅಂದು ಕಚೇರಿಯಲ್ಲಿ ನಡೆದದ್ದನ್ನು ಯಜಮಾನರು ನನಗೆ ಹೇಳಿದ್ದು ಒಂದೇ ಸಲವಲ್ಲ. ವರ್ಷಗಟ್ಟಲೆ, ಬೇಸರವಾದಾಗಲೆಲ್ಲ ನಾನು ಹೇಳಿಸಿಕೊಳ್ಳುತ್ತಿದ್ದೆ.

“ಏನಜ್ಜಿ, ನಿನ್ನ ಅಳಿಯನನ್ನು ಏನು ಮಾಡಬೇಕು ಅಂತೀಯ?” ಎಂದರಂತೆ ಸಾಹೇಬರು.

ಅಜ್ಜಿ ಕೈಮುಗಿದಳು. “ಏನೂ ಮಾಡಬ್ಯಾಡಿ ಬುದ್ಧಿ. ತಾವು ಹುಕುಂ ಮಾಡ್ದಂಗೇ ನಡ್ಕೊಂತಿವ್ನಿ. ನಾನು ಇವುನ್ನ ಪುಟಪ್ಪು ಮಾಡ್ತೀನಿ, ಇವ್ನು ನನ್ನ ಪುಟಪ್ಪು ಮಾಡ್ತಾನೆ.”

ಸಾಹೇಬರು ಕಾಗದ ತಿರುವಿದರು. “ನಾನು ಯಾವ ಹುಕುಂ ಮಾಡಿದೆ?”

“ಮೋಟಾರು ಹತ್ತೋವಾಗ ಇಂಗ್ಲೀಷ್ನಾಗೆ ಮಾಡುದ್ರಲ್ಲ. ವಿತ್ತು ಅಂತಾನೂ ಅಂದ್ರಿ. ಅದ್ಕೇ ಇಬ್ರೂ ಮಾಡ್ತಿದೀವಿ.”

ಸಾಹೇಬರು ನಮ್ಮ ಯಜಮಾನರ ಮುಖ ನೋಡಿದರು. ಯಜಮಾನರು ಬೆವರು ಒರೆಸಿಕೊಳ್ಳುತ್ತಾ ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ತಮ್ಮ ತಂದೆ ಮತ್ತು ಹೆಂಡತಿಯ ಪಾಲನ್ನು ಬಿಟ್ಟು. ಸಾಹೇಬರು ಕಿಟಕಿಯ ಕಡೆ ತಿರುಗಿ ಕೂತರು. ಭುಜ ಅಲುಗಾಡುತ್ತಿತ್ತಂತೆ. ಅಳುತ್ತಿದ್ದಾರೆಂದು ಅಜ್ಜಿಗೆ ಗಾಬರಿ. ಆಮೇಲೆ ತಿರುಗಿ ಹೇಳಿದರು.

“ನಾನು ನೌಕರಿಗೆ ಸೇರಿದಂದಿನಿಂದ ಎಷ್ಟೋ ಹುಕುಂ ಮಾಡಿದೀನಿ. ಹೇಳಿದ ಹಾಗೆ ಪೂರಾ ನಡೆದದ್ದು ಇದೊಂದೇ. ಇದನ್ನು ನಾನು ಮಾಡಿಯೇ ಇರಲಿಲ್ಲ.” ಅರ್ಜಿಗಳ ಮೇಲೆ, ಉಭಯತ್ರರೂ ರಾಜಿಯಾಗಿದ್ದಾರೆ ಎಂದು ಬರೆದು ಮುಗಿಸಿದರು.

ಆ ಮಾತು ದುರ್ಗದ ಕಡೆ ಊರೂರಿಗೆ ಹಬ್ಬಿತು. ಕೊಳಾಲದಲ್ಲಿ ಒಂದು ಮದುವೆಗೆ ಹೋಗಿದ್ದಾಗ ನನ್ನ ಕಿವಿಯಾರೆ ಕೇಳಿದೆ. ಗಂಡನ ಮನೆಗೆ ಹೊರಟ ಹುಡುಗಿ ಅಳುತ್ತಿದ್ದಳು, ಅವಳ ಸೋದರತ್ತೆ ಕಣ್ಣೊರೆಸುತ್ತಾ ಹೇಳುತ್ತಿದ್ದಳು. “ಅಳಬ್ಯಾಡ ಕಣೇ. ಮೊದ್ಲು ಒಂದೆರಡು ವರ್ಸ ನೀನು ಪುಟಪ್ಪು ಮಾಡು. ಆಮ್ಯಾಕೆ ಅವ್ರೇ ನಿನ್ನ ಪುಟಪ್ಪು ಮಾಡ್ತಾರೆ.” ನನ್ನ ಸ್ಕೂಲಿನ ಮೇಡಮ್ಮು ಇದಕ್ಕೆ ಎಷ್ಟು ಅಂಕ ಕೊಡುತ್ತಿದ್ದರೋ.

ಅಳಿಯ ಒಂದು ಸಲ ಹುಣಿಸೆಹಣ್ಣಿನ ಮೂಟೆ ಇಳಿಸಲು ಒಬ್ಬನೇ ಬಂದಿದ್ದ. ಹತ್ತಿರ ಯಾರೂ ಇಲ್ಲದ್ದನ್ನು ನೋಡಿ ಕೇಳಿದೆ. “ನಿಜ ಹೇಳಪ್ಪ. ಸಾಹೇಬರು ಹೇಳಿದ್ದು ಏನು ಅಂತ ಅವತ್ತು ನಿನಗೆ ಗೊತ್ತಿತ್ತೋ ಇಲ್ಲವೋ?”

ಅವನು ಮೂಟೆಗೆ ಒರಗಿ ನಿಂತು ಯೋಚಿಸಿದ. “ಅವರು ಹೇಳಿದ್ದರಲ್ಲಿ ಎರಡು ಅರ್ಥ ಇತ್ತಕ್ಕಾ. ಒಂದು ಅವರಿಗೆ ಬೇಕಾದ್ದು, ಒಂದು ನನಗೆ ಬೇಕಾದ್ದು. ನಂದನ್ನ ನಾನು ತಗೊಂಡೆ, ಅಷ್ಟೇ.” ಮೂಟೆಯನ್ನು ಬೆನ್ನಿಗೆ ಎತ್ತಿಕೊಳ್ಳುತ್ತಾ ಸೇರಿಸಿದ. “ಆ ಮುದುಕಿ ವಿತ್ತಿನ ಮೇಲೆ ಕೈ ಇಡ್ತಾಳೆ ಅಂತ ಮಾತ್ರ ಗೊತ್ತಿರಲಿಲ್ಲ.”

ಯುದ್ಧದ ದಿನಗಳಲ್ಲಿ ಅವನಿಗೆ ಶಿರಾದ ಕಡಲೆಕಾಯಿ ಮಂಡಿಯಲ್ಲಿ ತೂಕ ಮಾಡಿಸುವ ಕೆಲಸ ಸಿಕ್ಕಿತು. ಹೆಂಡತಿಯನ್ನು ಕರೆದುಕೊಂಡು ಹೊರಟುಹೋದ. ಅಜ್ಜಿ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕುಸಿದು ಕೂತಳು. ಅಳಿಯನನ್ನು ವಾಪಸು ಕರೆಸಿಕೊಡಬೇಕೆಂದು ಒಂದು ಅರ್ಜಿ ಬರೆದುಕೊಡಿ ಎಂದು ನಮ್ಮ ಯಜಮಾನರನ್ನು ಕೇಳಿದಳು.

“ಅವನು ಹೋಗಬೇಕು ಅಂತ ನೀನೇ ಮೂರು ಅರ್ಜಿ ಕೊಟ್ಟಿದ್ದೆಯಲ್ಲ,” ಎಂದರು ಅವರು.

“ಆಗ ಹೋಗ್ಲಿಲ್ವಲ್ಲ. ಈಗ್ಯಾಕೋದ?”

ಯಜಮಾನರು ಬರೆಯಲಿಲ್ಲ. ಅಜ್ಜಿ ಒಂದೆರಡು ತಿಂಗಳು ಒಬ್ಬಳೇ ಇದ್ದಳು. ಆಮೇಲೆ ಮಗಳಿಗೆ ಗಂಡು ಮಗುವಾದ ಸುದ್ದಿ ಬಂತು. ಬೆಳೆಯಲ್ಲಿ ಪಾಲು ಕೊಡಲಿ ಎಂದು ಹೊಲವನ್ನು ವಾರಕ್ಕೆ ಕೊಟ್ಟು, ಎಮ್ಮೆಯನ್ನು ಗಾಡಿಯ ಹಿಂದೆ ಕಟ್ಟಿಕೊಂಡು, ಮಗು ನೋಡಿಕೊಂಡು ಬರುತ್ತೇನೆಂದು ಶಿರಾಕ್ಕೆ ಹೋದಳು.

ಮುಂದೆ ನಾನು ನೆಂಟರ ಮನೆಯ ಮದುವೆಗೆಂದು ಶಿರಾಕ್ಕೆ ಹೋದಾಗ ಅವರ ಮನೆ ಹುಡುಕಿಕೊಂಡು ಹೋದೆ. ಮಂಡಿಯ ಹಿಂದಿನ ಓಣಿ, ಬೀದಿಯೆಲ್ಲ ಕಡಲೆಕಾಯಿ ಸಿಪ್ಪೆ. ಅಜ್ಜಿ ಬಾಗಿಲಲ್ಲಿ ಕಾಲು ಚಾಚಿ ಕೂತು, ಎದುರುಮನೆಯ ಬೀಬಿಯ ಜೊತೆ ಕಡಲೆಕಾಯಿ ಸುಲಿಯುತ್ತಾ, ಅರ್ಧ ಕನ್ನಡ ಅರ್ಧ ಉರ್ದುವಿನಲ್ಲಿ ಮಗುವಿನ ಹೊಟ್ಟೆನೋವಿಗೆ ಏನು ಕೊಡಬೇಕೆಂದು ವಾದಿಸುತ್ತಿದ್ದಳು. ಮಗು ಆಗಲೇ ನಡೆಯುತ್ತಿತ್ತು. ನನ್ನನ್ನು ನೋಡಿ ಅವಳಿಗೆ ಹಿಗ್ಗು. ಬೆಲ್ಲ, ಹುರಿದ ಕಡಲೆಕಾಯಿ, ಲೋಟದ ತುಂಬ ಹಾಲು ತಂದಿಟ್ಟಳು.

“ದುರ್ಗಕ್ಕೆ ಯಾವಾಗಜ್ಜಿ ಹೋಗೋದು?” ಎಂದು ಕೇಳಿದೆ.

“ಒಂದ್ ಮಳೆ ಬೀಳ್ಲಿ ಕಣವ್ವ, ಒಂಟೋಯ್ತೀನಿ,” ಎಂದಳು.

ಆ ವಾರವೆಲ್ಲ ಶಿರಾದಲ್ಲಿ ಮಳೆ ಹುಯ್ದಿತ್ತು. ಅಂಗಳದಲ್ಲಿ ನೀರು ನಿಂತಿತ್ತು. ಒಳಗೆ ಊಟಕ್ಕೆ ಕೂತಿದ್ದ ಅಳಿಯ ನನ್ನ ಕಡೆ ನೋಡಿದ, ಆಮೇಲೆ ಅಂಗಳದ ನೀರಿನ ಕಡೆ ನೋಡಿದ, ತಲೆ ಬಗ್ಗಿಸಿಕೊಂಡು ಉಣ್ಣತೊಡಗಿದ. ಅಜ್ಜಿ ಅವನ ತಟ್ಟೆಗೆ ಇನ್ನೊಂದು ಹಿಟ್ಟು ಹಾಕಿ, ನನ್ನ ಮಡಿಲಿಗೆ ಎರಡು ಹಿಡಿ ಕಡಲೆಕಾಯಿ ಸುರಿದು, ಮಧುಗಿರಿಗೆ ಮೋಟಾರು ಹೊರಡುವ ಹೊತ್ತಾಯಿತು, ಬೇಗ ನಡಿ ಎಂದು ನನ್ನನ್ನು ಎಬ್ಬಿಸಿದಳು.